ಪೆಟ್ಟಿಗೆಯೊಳಗಿನ ಬಂಗಾರ

ದಸರೆ ಮುಗಿದ ಮೇಲೆ ಕುಷ್ಟಗಿಯ ನಮ್ಮ ಮನೆಯ ಹಳೆಯ ಕಂಪ್ಯೂಟರ್ ಕರಕರ ಸದ್ದು ಮಾಡತೊಡಗಿತು. ಮಗಳು ಪರೀಕ್ಷೆಯ ಪಾಠ ಕೇಳುತ್ತಿದ್ದದ್ದು ಅದರಲ್ಲೇ. ಆ ಸದ್ದಿನಲ್ಲಿ ಒಂದು ಮಾತೂ ತಿಳಿಯುತ್ತಿರಲಿಲ್ಲ.

"ಗುಜರಿಗೆ ಹಾಕೂಣು," ಎಂದರು ಯಜಮಾನರು. ಹೊಸದರ ಮಾತು ಮಾತ್ರ ಎತ್ತಲಿಲ್ಲ.

"ಸದ್ದು ಎಲ್ಲಿಂದ ಬರ್ತೈತಿ ನೋಡೂಣು ತಡೀರಿ," ಎಂದೆ.

ಮಗಳು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕೊಳವೆಯಂತೆ ಸುತ್ತಿ ಕಿವಿಗಿಟ್ಟು ಆಲಿಸಿದೆ. ಹಿಂದಿನ ಫ್ಯಾನಿನ ಹತ್ತಿರ ಕರಕರ ಜೋರಾಯಿತು. ವೈರು ಕಿತ್ತು, ಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ, ಒಣಗಿದ ಬನ್ನಿಯ ಕಡ್ಡಿಯೊಂದು ರೆಕ್ಕೆಗೆ ತಾಗುವಂತೆ ಸಿಕ್ಕಿಕೊಂಡಿತ್ತು. ಹಬ್ಬದ ದಿನ ಅತ್ತೆಯವರು ಮನೆಯ ಎಲ್ಲ ಸಾಮಾನಿಗೂ ಬಂಗಾರವೆಂದು ಬನ್ನಿ ಇಟ್ಟಿದ್ದರು. ಇದು ಮೇಲಿನ ತೂತಿನಿಂದ ಒಳಗಿಳಿದಿತ್ತು.

"ಅಜ್ಜಿ, ನಿನ್ನ ಬಂಗಾರ ಸಿಕ್ತು ನೋಡು!" ಎಂದು ಮಗಳು ನಕ್ಕಳು.

"ಬಂಗಾರದಂಗ ಇರ್ಲಿ ಅಂತ ಇಟ್ಟೀನವಾ, ಹಿಂಗ ಒದರ್ಲಿ ಅಂತಲ್ಲ," ಎಂದರು ಅತ್ತೆ.

ಕಡ್ಡಿ ತೆಗೆದು, ಬ್ರಷ್ಷಿನಿಂದ ಧೂಳು ಝಾಡಿಸಿ, ಪೆಟ್ಟಿಗೆಯ ಕೆಳಗೆ ಕೌದಿಯ ತುಂಡು ಹಾಸಿದೆವು. ಸಣ್ಣ ಗಾಳಿಯ ಸದ್ದಷ್ಟೇ ಉಳಿಯಿತು. ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಮಗಳು ಒಳಗಿನಿಂದ ಕೂಗಿದಳು: "ಅವ್ವಾ, ಈಗ ನಿನ್ನ ಸಪ್ಪಳನ ಜಾಸ್ತಿ ಆತು!"

ಶಿವನೇ, ಇಂಥ ಬೈಗುಳ ದಿನಾ ಸಿಗಲಿ ಎಂದುಕೊಂಡು, ಮೆಲ್ಲಗೆ ಬಡಿದೆ.