ಮೇಲಕ್ಕೆ ನೆಟ್ಟ ಕಣ್ಣು

ತೊಂಬತ್ತರ ದಶಕದಲ್ಲಿ ನಾನು ಶಿವಮೊಗ್ಗದ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊಸದಾಗಿ ಸೇರಿದ್ದ ಡಾಕ್ಟರು. ಒಂದು ಬೆಳಿಗ್ಗೆ ಭದ್ರಾವತಿಯ ಜನ್ನಾಪುರದಿಂದ ಒಬ್ಬ ಶಾಲಾ ಟೀಚರನ್ನು ಗಂಡ ಮತ್ತು ಅತ್ತೆ ಕರೆತಂದರು. ಆಕೆಯ ಕತ್ತು ಹಿಂದಕ್ಕೆ ಸೆಟೆದಿತ್ತು. ಮೇಲಕ್ಕೆ ನೆಟ್ಟ ಕಣ್ಣು ಕೆಳಗಿಳಿಯುತ್ತಲೇ ಇರಲಿಲ್ಲ.

"ಏನೋ ಗಾಳಿ ಸೋಕಿದೆ ಡಾಕ್ಟ್ರಮ್ಮ," ಎಂದು ಅತ್ತೆ ಅಳುತ್ತಿದ್ದರು.

ನನಗೋ ಧನುರ್ವಾಯು ಇರಬಹುದೇ ಎಂಬ ಅಳುಕು. ಆದರೆ ಬಾಯಿ ತೆರೆಯಿರಿ ಎಂದ ಕೂಡಲೇ ಆಕೆ ಸಲೀಸಾಗಿ ತೆರೆದರು. ಧನುರ್ವಾಯುವಾಗಿದ್ದರೆ ದವಡೆ ಕಚ್ಚಿಕೊಂಡಿರುತ್ತಿತ್ತು.

"ನಿನ್ನೆ ಇವರು ಏನಾದ್ರೂ ಮಾತ್ರೆ ತಗೊಂಡಿದ್ರಾ?" ಎಂದು ಗಂಡನನ್ನು ಕೇಳಿದೆ.

"ವಾಂತಿ ಆಗ್ತಿತ್ತು ಅಂತ ಮೆಡಿಕಲ್ ಶಾಪಿಂದ ಮಾತ್ರೆ ತಂದೆ. ನಿಲ್ಲಲಿಲ್ಲ ಅಂತ ಮತ್ತೆ ಮತ್ತೆ ಕೊಟ್ಟೆ."

ನನ್ನ ಎದೆ ಹಗುರಾಯಿತು. ಕೆಲವರಿಗೆ ಆ ವಾಂತಿ ಮಾತ್ರೆಯೇ ಹೀಗೆ ನರ ಸೆಳೆದುಬಿಡುತ್ತದೆ. ಅದಕ್ಕೆ ತಕ್ಕ ಇಂಜೆಕ್ಷನ್ ಕೊಟ್ಟು, ಆಕೆಯ ಕೈ ಹಿಡಿದು ಪಕ್ಕದಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಕತ್ತು ಸಡಿಲವಾಯಿತು, ಕಣ್ಣು ಮೆಲ್ಲಗೆ ಇಳಿದು ನನ್ನ ಮುಖದ ಮೇಲೆ ನಿಂತಿತು. ಅತ್ತೆ ಕೈಮುಗಿದರು.

ಟೀಚರ್ ಕತ್ತು ನೀವಿಕೊಳ್ಳುತ್ತಾ, "ನಿಮ್ಮ ಫ್ಯಾನ್ ಮೇಲೆ ಎಷ್ಟು ಧೂಳು ಡಾಕ್ಟ್ರೇ! ಬಂದಾಗಿಂದ ಅದನ್ನೇ ನೋಡ್ತಿದೀನಿ. ಯಾರಿಗಾದ್ರೂ ಹೇಳಿ ಒರೆಸಿಸಬಾರ್ದಾ?" ಎಂದರು.

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದರು. ನನಗಂತೂ ನಗು ತಡೆಯಲಾಗಲಿಲ್ಲ.