ಭಾವ ಹದ ಮಾಡಿದ ರಸ್ತೆ

ನಮ್ಮ ಭಾವನ ಬಗ್ಗೆ ಊರವರೆಲ್ಲ ಒಳ್ಳೆಯ ಮಾತೇ ಆಡುತ್ತಾರೆ. ಆಡಲಿ, ಅವರ ಗಂಟೇನು ಹೋಗುತ್ತದೆ? ಬೆನ್ನು ಮುರಿದುಕೊಂಡು ಮಲಗಿರುವವಳು ನನ್ನ ಅಕ್ಕ.

ಭಾವ ರಸ್ತೆ ಗ್ಯಾಂಗಿನಲ್ಲಿದ್ದವರು. ಈ ಬೆಟ್ಟದ ಊರಿನ ಸುತ್ತಲಿನ ಜಲ್ಲಿ ರಸ್ತೆಗಳ ಹೊಂಡ ಮುಚ್ಚಿ, ಮಣಭಾರದ ದಿಮ್ಮಸಿನಿಂದ ಕುಟ್ಟಿ ಕುಟ್ಟಿ ಗಟ್ಟಿ ಮಾಡುವುದರಲ್ಲೇ ಆಯುಸ್ಸು ಕಳೆದರು. ಮೊದಲ ಸಲ ನಮ್ಮ ಮನೆಗೆ ಬಂದಾಗ ಅಕ್ಕನ ಮುಖಕ್ಕಿಂತ ಮುಂಚೆ ಅಂಗಳದ ಹೊಂಡ ನೋಡಿದ್ದರು. "ಹಾಸಿಗೆ ಸುಕ್ಕಾದ್ರೂ ದಿಮ್ಮಸು ಹೊಡೀತಾರೇನೇ ಭಾವ?" ಎಂದು ನಾನು ರೇಗಿಸಿದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಭಾವ ನಿವೃತ್ತರಾದ ಮೇಲೆ ಅಕ್ಕ ಮೆಟ್ಟಿಲಿಂದ ಜಾರಿ ಬಿದ್ದಳು. ಬೆನ್ನಿಗೆ ಆಪರೇಷನ್ ಆಯಿತು. ವಾರ ವಾರ ಕೆಳಗಿನ ಆಸ್ಪತ್ರೆಗೆ ಕರೆತಂದು ವ್ಯಾಯಾಮ ಮಾಡಿಸಿದರೆ ಎದ್ದು ಓಡಾಡುತ್ತಾಳೆ ಎಂದರು ಡಾಕ್ಟರು. ಆದರೆ ಮನೆಯಿಂದ ಆಸ್ಪತ್ರೆಗೆ ಇರುವುದು ಅದೇ ಜಲ್ಲಿ ರಸ್ತೆ. ಜೀಪು ಎಗರಿದಾಗೆಲ್ಲ ಅಕ್ಕ ನನ್ನ ತೋಳು ಹಿಡಿದು ಚೀರುತ್ತಿದ್ದಳು. ಕೊನೆಗೊಂದು ದಿನ, "ಟಾರು ಹಾಕಿದ್ಮೇಲೆ ಬರ್ತೀನಿ ಕಣೇ, ಅಲ್ಲೀವರೆಗೂ ಬಿಟ್ಬಿಡು ನನ್ನ" ಎಂದು ಕೈ ಮುಗಿದಳು.

ಟಾರು ಇನ್ನೇನು ಬಂತು ಎನ್ನುವಾಗ ಪುರಸಭೆಯವರಿಗೆ ಹೊಸ ಹುಚ್ಚು ಹಿಡಿಯಿತು. ದಪ್ಪ ಟೈರಿನ ಸೈಕಲ್ಲಿನವರು ಒಳ್ಳೆಯ ರಸ್ತೆ ಬಿಟ್ಟು ಜಲ್ಲಿ ರಸ್ತೆಯನ್ನೇ ಹುಡುಕಿಕೊಂಡು ಬೆಟ್ಟಕ್ಕೆ ಬರತೊಡಗಿದ್ದರು. ಅವರಿಗೋಸ್ಕರ ಒಂದು ರಸ್ತೆಯನ್ನು ಜಲ್ಲಿಯಲ್ಲೇ ಉಳಿಸಬೇಕಂತೆ! ನಮ್ಮದನ್ನೋ, ಬೆಟ್ಟದ ಆಚೆ ಬದಿಯದನ್ನೋ ಎಂದು ನೋಡಲು ಎಂಜಿನಿಯರ್ ಬರುವುದೆಂದಾಯಿತು.

ಹಿಂದಿನ ದಿನ ಭಾವನಿಗೆ ಬಿಡಿಸಿ ಬಿಡಿಸಿ ಹೇಳಿದೆ. "ಭಾವ, ನಿಮ್ಮ ದಮ್ಮಯ್ಯ, ರಸ್ತೆ ಮುಟ್ಬೇಡಿ. ಹೊಂಡ ಎಲ್ಲಾ ಹಾಗೇ ಬಾಯಿ ತೆರ್ಕೊಂಡಿರ್ಲಿ. ಅವರ ಕಾರೂ ಎಗರ್ಲಿ, ಆಗ ಗೊತ್ತಾಗುತ್ತೆ ಟಾರು ಇಲ್ಲಿಗೇ ಬೇಕು ಅಂತ."

"ಆಯ್ತಮ್ಮ" ಎಂದರು.

ಗ್ಯಾಂಗಿನವರದೊಂದು ರೂಢಿ. ಸಾಹೇಬರು ಬರುತ್ತಾರೆ ಎಂದರೆ ಸಾಕು, ಹೊಂಡ ಮುಚ್ಚಿ, ಜಲ್ಲಿ ಹರಡಿ, ದಿಮ್ಮಸು ಹೊಡೆದು ರಸ್ತೆಯನ್ನು ಹದ ಮಾಡಿಡಬೇಕು. ಮರುದಿನ ಬೆಳಿಗ್ಗೆ ನಾನು ಹೋಗಿ ನೋಡುತ್ತೇನೆ, ತಿರುವಿನವರೆಗೂ ಒಂದೂ ಹೊಂಡವಿಲ್ಲ! ಭಾವ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾರೆ.

"ಏನ್ಮಾಡಿದ್ರಿ ಭಾವ!"

"ನಾನು ನೋಡ್ಕೊಂಡಿದ್ದ ರಸ್ತೆ ಕಣಮ್ಮ. ಸಾಹೇಬ್ರ ಮುಂದೆ ಹೊಂಡ ಇಟ್ಕೊಂಡು ನಿಲ್ಲೋಕಾಗ್ಲಿಲ್ಲ."

ಬೈಯುವುದಕ್ಕೂ ಪುರುಸೊತ್ತಾಗಲಿಲ್ಲ, ಕಾರು ಬಂದೇಬಿಟ್ಟಿತು. ಎಂಜಿನಿಯರ್ ಜೊತೆ ಸೈಕಲ್ ಸಂಘದವನೊಬ್ಬ ಇಳಿದ. ರಸ್ತೆಯನ್ನು ಕಾಲಿನಿಂದ ಒತ್ತಿ ನೋಡಿ, "ಇಂಥ ಜಲ್ಲಿ ರಸ್ತೆ ನಾನೆಲ್ಲೂ ನೋಡಿಲ್ಲ. ಯಾರ ಕೆಲಸ ಇದು?" ಎಂದು ಕೇಳಿದ.

"ನಂದೇ ಸಾರ್" ಎಂದರು ಭಾವ, ಎದೆಯುಬ್ಬಿಸಿಕೊಂಡು.

ನಾನು ಮುಂದೆ ನುಗ್ಗಿದೆ. ಇವತ್ತೊಂದು ದಿನದ ಚಂದ ಸಾರ್ ಇದು, ಅಕ್ಕನ ಬೆನ್ನು ಹೀಗಾಗಿದೆ ಎಂದು ಬಡಬಡಿಸಿದೆ. ಎಂಜಿನಿಯರ್ ನಗುತ್ತಲೇ, "ರಸ್ತೆ ಚೆನ್ನಾಗೇ ಇದೆಯಲ್ಲಮ್ಮ" ಎಂದು ಕಾರು ಹತ್ತಿದರು. ಕಿಟಕಿಯ ಪಕ್ಕದ ಮಂಚದಿಂದ ಅಕ್ಕ ಎಲ್ಲವನ್ನೂ ನೋಡುತ್ತಿದ್ದಳು.

ಟಾರು ಆಚೆ ಬದಿಗೆ ಹೋಯಿತು. ನಮ್ಮ ತಿರುವಿನಲ್ಲಿ ಸೈಕಲ್ ಚಿತ್ರದ ಬೋರ್ಡು ನೆಟ್ಟರು. ಎರಡು ಮಳೆಗೆ ಹೊಂಡಗಳು ಎಲ್ಲಿದ್ದವೋ ಅಲ್ಲೇ ಎದ್ದವು. ಸೈಕಲ್ಲಿನವರಿಗೆ ಅದೂ ಮಜವೇ, ಕೇಕೆ ಹಾಕಿಕೊಂಡು ಹೋಗುತ್ತಾರೆ. ಭಾವ ಮತ್ತೆ ದಿಮ್ಮಸು ಹಿಡಿದರು.

ಒಂದು ದಿನ ಒಳಗೆ ಬಂದು, "ಎಲ್ಲಾ ಸರಿ ಮಾಡಿದೀನಿ, ಜೀಪು ಎಗರಲ್ಲ. ಏಳು, ಆಸ್ಪತ್ರೆಗೆ ಹೋಗೋಣ" ಎಂದರು.

"ಸಾಹೇಬ್ರು ಬಂದ ದಿನ ನಾನು ನೆನಪಾಗ್ಲಿಲ್ಲ ಅಲ್ವೇನ್ರೀ?" ಎಂದು ಅಕ್ಕ ಗೋಡೆಯ ಕಡೆ ತಿರುಗಿದಳು.

ಭಾವ ಹೊರಗೆ ಹೋದರು. ಆಮೇಲೆ ನಾನು ಎಷ್ಟು ಗೋಗರೆದರೂ ಅವಳು ಜೀಪು ಹತ್ತಲಿಲ್ಲ. ಕಾಲು ಕಡ್ಡಿಯಾದವು. ಮನೆಗೇ ಬಂದು ನೋಡಿದ ಡಾಕ್ಟರು, ಇನ್ನು ಕರೆತಂದರೂ ಪ್ರಯೋಜನವಿಲ್ಲ ಎಂದುಬಿಟ್ಟರು. ಅದನ್ನು ಭಾವನಿಗೆ ನಾನೇ ಹೇಳಿದೆ. ಆದರೂ ಬೆಳಗಾದರೆ ರಸ್ತೆಯಲ್ಲಿ ಧಬ್ ಧಬ್ ಶುರು.

"ಕಿಟಕಿ ಮುಚ್ಚೇ" ಎನ್ನುತ್ತಾಳೆ ಅಕ್ಕ.

"ಮುಚ್ಚಿದೀನಲ್ಲಕ್ಕ."

"ಇನ್ನೂ ಕೇಳ್ತಿದೆ ಕಣೇ."