ಕಿಟಕಿಯ ಮೇಲಿಟ್ಟ ಚೊಂಬು

ಇಂಥದ್ದನ್ನು ಬೇರೆಯವರು ಹೇಳಿದರೆ ನಾನು ನಕ್ಕುಬಿಡುವವಳು. ದೆವ್ವ ಭೂತವಿರಲಿ, ‘ಎಷ್ಟು ಹೊಡೆದರೂ ಬಿಟ್ಟುಬರಲು ಮನಸ್ಸಾಗಲ್ಲ’ ಎನ್ನುವ ಹೆಂಗಸರ ಮಾತನ್ನೂ ನಂಬುತ್ತಿರಲಿಲ್ಲ. ಎದ್ದು ಬರುವುದಕ್ಕೇನು ಕಷ್ಟ ಎಂದು ಮಂಡ್ಯದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ವಾದಿಸಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಚಿಕ್ಕಮ್ಮನ ಮಗಳು ಸವಿತ ಬೆಸಗರಹಳ್ಳಿಯಲ್ಲಿದ್ದಳು. ಅವಳ ಗಂಡ ಮಳವಳ್ಳಿಯಲ್ಲಿ ಒಬ್ಬನಿಗೆ ಮಚ್ಚು ಬೀಸಿ ಜೈಲು ಸೇರಿದ್ದ. ಅದಕ್ಕೂ ಮುಂಚೆ ಇವಳ ಕೈಯನ್ನು ಎರಡು ಸಲ ಮುರಿದಿದ್ದ. ಅವನಿಗೆ ಜಾಮೀನು ಸಿಕ್ಕಿದೆ, ನಾಳೆ ಬಿಡುತ್ತಾರೆ ಎಂದು ಗೊತ್ತಾದಾಗ ನಾನು ರಜೆ ಹಾಕಿ, ಮದ್ದೂರಿನಲ್ಲಿ ಬಸ್ಸು ಬದಲಿಸಿ, ಅವಳನ್ನು ಕರೆತರಲು ಹೋದೆ. ಅವನ ಮೇಲಿನ ಸಿಟ್ಟಿಗೆ ಅಲ್ಲಿಯವರೆಗೆ ಆ ಮನೆಯ ಹೊಸಿಲು ತುಳಿದವಳಲ್ಲ.

ಅವಳು ಬರಲು ಒಪ್ಪಿದಳು. ಬ್ಯಾಗಿಗೆ ಬಟ್ಟೆ ತುಂಬುತ್ತಾ, "ನಮ್ಮನೆಯವ್ರು ಕೆಟ್ಟೋರಲ್ಲ ಕಣಕ್ಕ. ಕ್ವಾಪ ಒಂದೇಯ. ಆಮ್ಯಾಕೆ ನನ್ ಕಾಲಿಡ್ಕೊಂಡು ಅಳ್ತಾರೆ" ಎಂದಳು.

"ಅವ್ರು ಇವ್ರು ಅಂತ ಅವ್ನಿಗೆಂಥ ಮರ್ವಾದೆ?" ಎಂದು ರೇಗಿದೆ. ಎರಡೂವರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.

ಆಗ ಬಾಗಿಲಲ್ಲಿ ಬೈಕು ನಿಂತ ಸದ್ದಾಯಿತು. ಸ್ಟ್ಯಾಂಡ್ ಹಾಕಿದ್ದು, ಚಪ್ಪಲಿ ಬಿಟ್ಟದ್ದು ಕೂಡ ಕೇಳಿಸಿತು. ಸವಿತ ಅಲ್ಲಾಡಲಿಲ್ಲ. ಎದ್ದವಳು ನಾನು. ಟಿವಿ ಆರಿಸಿ, ಬ್ಯಾಗನ್ನು ಮಂಚದ ಕೆಳಗೆ ತಳ್ಳಿದೆ. ಚೊಂಬಿನಲ್ಲಿ ನೀರು ತುಂಬಿ ಬಾಗಿಲ ಪಕ್ಕದ ಕಿಟಕಿಯ ಮೇಲಿಟ್ಟೆ. "ಅವ್ರು ಬಂದ್ರು ಕಣೇ, ಊಟಕ್ಕಿಕ್ಕು" ಎಂದೆ. ನನ್ನ ಮೇಲೆ ಇದುವರೆಗೆ ಯಾರೂ ಕೈ ಎತ್ತಿಲ್ಲ. ಆದರೂ ಆ ಸದ್ದಿಗೆ ಹೆದರಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಬರೀ ಭಯವಲ್ಲ. ಇವತ್ತು ಅವರ ಮನಸ್ಸು ಚೆನ್ನಾಗಿರಲಿ ಎಂಬ ಆಸೆಯೂ ಅದರಲ್ಲಿತ್ತು.

ಯಾರೂ ಒಳಗೆ ಬರಲಿಲ್ಲ. ಹೊರಗೆ ಹೋಗಿ ನೋಡಿದರೆ ಬೀದಿಯಲ್ಲಿ ಬೈಕೂ ಇಲ್ಲ, ಮನುಷ್ಯರೂ ಇಲ್ಲ, ಸುಡುವ ಬಿಸಿಲು.

ಸವಿತ ಚೊಂಬನ್ನೇ ನೋಡುತ್ತಿದ್ದಳು. "ಅವ್ರಿಗೆ ನೀರು ಅಲ್ಲೇ ಇಡ್ಬೇಕು. ನೆಲದ್ ಮ್ಯಾಲಿಟ್ರೆ ಒದೀತಾರೆ. ನಿಂಗ್ಯಾರೇಳುದ್ರಕ್ಕ?"

ಯಾರೂ ಹೇಳಿರಲಿಲ್ಲ. ಅವಳು ಬ್ಯಾಗನ್ನು ಎಳೆದುಕೊಂಡು ಒಂದೊಂದೇ ಸೀರೆ ತೆಗೆದು ಬೀರುವಿಗಿಟ್ಟಳು. "ಬ್ಯಾಡ ಬುಡಕ್ಕ. ನಾಳೀಕೆ ಒಟ್ಟೆ ಅಸ್ಕೊಂಡ್ ಬತ್ತಾರೆ."

ಸದ್ದು ಪಕ್ಕದ ಬೀದಿಯದಿರಬಹುದು, ಒಪ್ಪುತ್ತೇನೆ. ಆ ಚೊಂಬಿನ ಜಾಗ ನನ್ನ ಕೈಗೆ ಹೇಗೆ ಗೊತ್ತಾಯಿತೋ, ಇವತ್ತಿಗೂ ತಿಳಿಯದು. ಎರಡೂವರೆಯ ಬಸ್ಸಿಗೆ ನಾನೊಬ್ಬಳೇ ಹತ್ತಿದೆ. ಬಾ ಎಂದು ಅವಳನ್ನು ಇನ್ನೊಂದು ಸಲ ಕರೆಯಲು ನನಗೆ ಬಾಯಿ ಬರಲಿಲ್ಲ.